ಕುದ್ರುವಿನ ಗೌಡರ ಪಾರ್ಸೆಲು

ನಾನು ಪುತ್ತೂರು–ಕಡಬ ಬಸ್ಸಿನ ಕಂಡಕ್ಟರನಾಗಿದ್ದಾಗ ಕೋಡಿಂಬಾಳದ ಹತ್ತಿರ ಒಬ್ಬ ಗೌಡರು ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸುತ್ತಿದ್ದರು. ನಿಲ್ಲಿಸಿ ಹತ್ತುತ್ತಿರಲಿಲ್ಲ. ಬಾಗಿಲ ಸರಳು ಹಿಡಿದು, ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು, ಒಳಗೆ ಕೂತವರ ಮುಖಗಳನ್ನೆಲ್ಲ ಸಾವಕಾಶವಾಗಿ ನೋಡಿ, "ಇವತ್ತು ಹೊಸಬರು ಯಾರಾದ್ರೂ ಉಂಟಾ ಕಂಡಕ್ಟ್ರೇ?" ಎಂದು ಕೇಳುತ್ತಿದ್ದರು. ನಮ್ಮ ಡ್ರೈವರಿಗೆ ಮೈ ಉರಿಯುತ್ತಿತ್ತು. "ಇವರಿಗೆ ಬಸ್ಸು ಅಂದ್ರೆ ಮನೆ ಬಾಗಿಲಿಗೆ ಬರುವ ಮೀನಿನ ಬುಟ್ಟಿ. ಇಣುಕಿ ನೋಡಿ ಒಂದನ್ನು ಆರಿಸುದು" ಎಂದು ಹಾರನ್ ಒತ್ತುತ್ತಿದ್ದ. ಗೌಡರು ಹಾರನ್ನಿಗೆಲ್ಲ ಬಗ್ಗುವವರಲ್ಲ. ಒಬ್ಬರನ್ನು ಆರಿಸಿ, ಬರುವ ಭಾನುವಾರ ಕುದ್ರುವಿಗೆ ಬರಬೇಕೆಂದು ಹೇಳಿ, ಆಮೇಲೆ ಕಾಲು ಕೆಳಗಿಡುತ್ತಿದ್ದರು.

ಕುದ್ರು ಎಂದರೆ ಹೊಳೆಯ ನಡುವಿನ ನಡುಗಡ್ಡೆ. ಗೌಡರ ಮನೆ ಕುಮಾರಧಾರೆಯ ದಡದಲ್ಲಿತ್ತು. ಎದುರಿಗೆ ನೀರಿನ ನಡುವೆ ಅವರದ್ದೇ ಒಂದು ಸಣ್ಣ ಕುದ್ರು. ಅವರ ಹಿರಿಯರ ಮನೆ ಹಿಂದೆ ಅಲ್ಲಿಯೇ ಇತ್ತಂತೆ. ಒಂದು ದೊಡ್ಡ ನೆರೆಯಲ್ಲಿ ಮನೆ ಹೋಯಿತು, ಮನೆಯವರು ದಡಕ್ಕೆ ಬಂದರು, ಆದರೆ ಸತ್ತವರು ಮಾತ್ರ ಅಲ್ಲೇ ಉಳಿದರು. ಅವರ ಜಾತಿಯಲ್ಲಿ ತೀರಿಕೊಂಡ ಹಿರಿಯರನ್ನು ಗುರುಕಾರ್ಣವರು ಎನ್ನುತ್ತಾರೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಎಲೆಯಲ್ಲಿ ಬಡಿಸಿ, ಕುಡಿಯುವುದನ್ನೂ ಪಕ್ಕದಲ್ಲಿಟ್ಟು, ಸ್ವಲ್ಪ ಹೊತ್ತು ಅವರಷ್ಟಕ್ಕೇ ಬಿಟ್ಟು, ಆಮೇಲೆ ಉಳಿದವರು ಹಂಚಿಕೊಂಡು ಉಣ್ಣುವುದು ಕ್ರಮ. ಬೇರೆ ಮನೆಗಳಲ್ಲಿ ಇದು ಒಳಕೋಣೆಯಲ್ಲಿ, ವರ್ಷಕ್ಕೆ ಒಂದೆರಡು ಸಲ ಆಗುತ್ತದೆ. ಈ ಗೌಡರ ಗುರುಕಾರ್ಣವರು ಕುದ್ರುವಿನಲ್ಲಿ ಒಂದೊಂದು ಮರದಡಿ ಒಂದೊಂದು ಕಲ್ಲಾಗಿ ಕೂತಿದ್ದರು, ಮತ್ತು ಅವರಿಗೆ ಹೆಚ್ಚುಕಡಿಮೆ ಎಲ್ಲಾ ಭಾನುವಾರ ಹಸಿವಾಗುತ್ತಿತ್ತು.

ಯಾಕೆ ಹಾಗೆ ಎಂದು ಕೇಳಬೇಕಾದ್ದಿಲ್ಲ. ಆಗ ನಮ್ಮ ಜಿಲ್ಲೆಯಲ್ಲಿ ಪಾನನಿಷೇಧ. ಮದ್ರಾಸಿನವರು ತಂದದ್ದನ್ನು ಮೈಸೂರಿನವರು ಹಾಗೆಯೇ ಮುಂದುವರಿಸಿದ್ದರು. ಕಳ್ಳು ಇಳಿಸುವ ಮೂರ್ತೆದಾರರು ಹಗಲು ಹೊತ್ತು ತೆಂಗಿನಕಾಯಿ ಕೀಳುವವರಾಗಿ ತಿರುಗುತ್ತಿದ್ದರು. ಅಂಥ ಕಾಲದಲ್ಲಿ ಗೌಡರು ಒಂದು ಸಿದ್ಧಾಂತ ಕಂಡುಹಿಡಿದಿದ್ದರು: "ಸರಕಾರದ ಕಾಯ್ದೆ ಬದುಕಿರುವವರಿಗೆ ಮಾರಾಯ್ರೆ. ಸತ್ತವರಿಗೆ ಓಟು ಉಂಟಾ? ಓಟು ಇಲ್ಲದವರಿಗೆ ಕಾಯ್ದೆಯೂ ಇಲ್ಲ. ಅಜ್ಜ ಕುಡಿತಾರೆ. ಅಜ್ಜ ಬಿಟ್ಟದ್ದನ್ನು ಚೆಲ್ಲುದು ಪಾಪ ಅಂತ ನಾವು ಬಾಯಿಗೆ ಹಾಕುದು." ಕುದ್ರು ಯಾವ ಠಾಣೆಗೆ ಸೇರಿದ್ದೆಂಬುದರಲ್ಲಿಯೂ ಅನುಮಾನವಿತ್ತು. ಈ ದಡದವರು ಅದು ಆ ದಡದ್ದು ಎನ್ನುತ್ತಿದ್ದರು, ಆ ದಡದವರು ಈ ದಡದ್ದು ಎನ್ನುತ್ತಿದ್ದರು. ಗೌಡರು ಇಬ್ಬರ ಮಾತನ್ನೂ ಒಪ್ಪುತ್ತಿದ್ದರು.

ಒಂದು ಸಲಕ್ಕೆ ಒಬ್ಬರೇ ನೆಂಟರು. ಗುಂಪು ಕಟ್ಟಿಕೊಂಡು ಹೋದರೆ ಅಲ್ಲಿ ಕಲ್ಲಾಗಿ ಕೂತ ಅಜ್ಜಿಗೆ ಆಗುವುದಿಲ್ಲ ಎಂಬುದು ಕಾರಣ. ಹಣದ ಮಾತೇ ಇಲ್ಲ. ಹೊಸದಾಗಿ ಊರಿಗೆ ಬಂದವರು, ಊರಿನ ಹೊಸ ಅಳಿಯಂದಿರು, ಮರದ ವ್ಯಾಪಾರಕ್ಕೆ ಬಂದವರು, ಎಲ್ಲರೂ ಒಂದಲ್ಲ ಒಂದು ಭಾನುವಾರ ಆ ದೋಣಿ ಹತ್ತಿದವರೇ. ಇಂಥವರು ಬೇಕೆಂದಿಲ್ಲ, ಬಾಯಿ ಇದ್ದರೆ ಸಾಕು. ಹೀಗೆ ಗೌಡರಿಗೆ ಸುಳ್ಯದಿಂದ ನೆಲ್ಯಾಡಿಯವರೆಗೆ ದೊಡ್ಡ ಕುಡುಕರೆಂಬ ಹೆಸರು ಬಂದಿತ್ತು. ಬೈಗುಳದ ಹೆಸರಲ್ಲ, ಒಳ್ಳೆಯ ಹಾಡುಗಾರ, ಒಳ್ಳೆಯ ಈಜುಗಾರ ಎನ್ನುವ ಹಾಗೆ ಹೇಳುವ ಹೆಸರು. "ಎಷ್ಟು ಕುಡಿದ್ರೂ ಕಾಲು ತಪ್ಪುದಿಲ್ಲ, ಮಾತು ತಪ್ಪುದಿಲ್ಲ, ದೋಣಿಯನ್ನು ಅವರೇ ನಡೆಸ್ತಾರೆ" ಎಂದು ಹೋಗಿ ಬಂದವರೆಲ್ಲ ಕೈಮುಗಿಯುತ್ತಿದ್ದರು.

ನಾನು ಬ್ಯಾರಿ, ಕರಾವಳಿಯ ಮುಸಲ್ಮಾನ. ನಮ್ಮಲ್ಲಿ ಅದನ್ನು ಮುಟ್ಟುವ ಹಾಗಿಲ್ಲ, ನಾನು ಮುಟ್ಟಿದವನೂ ಅಲ್ಲ. ಹಾಗಾಗಿ ನನ್ನನ್ನು ಯಾರೂ ಕುದ್ರುವಿಗೆ ಕರೆದಿರಲಿಲ್ಲ. ಹೋಗುವ ಯೋಗ ಬಂದದ್ದು ನಮ್ಮ ಬಸ್ಸಿನ ಧಣಿಗಳಿಂದ. ಅವರ ಪರಿಚಯದ ಒಬ್ಬ ಮರದ ಕಂಟ್ರಾಕ್ಟರಿಗೆ ಗೌಡರ ಕರೆ ಬಂದಿತ್ತು. ಆಸಾಮಿ ದಪ್ಪ, ಈಜು ಬಾರದು, ಕುಡಿದರೆ ಅಳುವ ಅಭ್ಯಾಸ ಬೇರೆ. "ನೀನು ಜೊತೆಗೆ ಹೋಗಿ ಅವರನ್ನು ಒಣಗಿದ ಸ್ಥಿತಿಯಲ್ಲಿ ವಾಪಸ್ ತಾ" ಎಂದು ಧಣಿಗಳು ನನಗೆ ಹೇಳಿದರು. ನಾನೂ ಬರುತ್ತೇನೆಂದು ತಿಳಿದಾಗ ಗೌಡರ ಮುಖ ಸ್ವಲ್ಪ ಸಪ್ಪಗಾದದ್ದು ನನಗೆ ಕಂಡಿತ್ತು. ನನ್ನ ಜಾತಿಯ ಕಾರಣಕ್ಕೆ ಇರಬೇಕು ಎಂದುಕೊಂಡೆ, ಸ್ವಲ್ಪ ಬೇಸರವೂ ಆಯಿತು. ಕಾರಣ ಅದಲ್ಲ ಎಂದು ಆಮೇಲೆ ಗೊತ್ತಾಯಿತು.

ದೋಣಿಯಲ್ಲಿ ಗೌಡರು ಹಿಂದೆ ನಿಂತು ಬಿದಿರಿನ ಗಳ ಊರುತ್ತಿದ್ದರು. ಎತ್ತರದ, ಬಡಕಲು ದೇಹ. ಇಡೀ ಶರೀರದಲ್ಲಿ ಪುಷ್ಟಿಯಾಗಿದ್ದದ್ದು ಮೀಸೆ ಒಂದೇ. ಮುಂಡಾಸನ್ನು ಒಂದು ಕಿವಿ ಮುಚ್ಚುವ ಹಾಗೆ ಕಟ್ಟುತ್ತಿದ್ದರು. ಮುಚ್ಚಿದ ಕಿವಿ ಹೆಂಡತಿ ಕರೆಯುವ ಕಡೆಗೆ ಇರುತ್ತಿತ್ತು. ಅವರು ಸತ್ತವರ ಬಗ್ಗೆ ಹೇಳುವಾಗ 'ಇದ್ದರು' ಎನ್ನುತ್ತಿರಲಿಲ್ಲ. "ಅಜ್ಜ ಇವತ್ತು ಬೇಗ ಎದ್ದಿದ್ದಾರೆ. ಹಸಿವು ಜೋರುಂಟು" ಎಂದು ದಡ ಮುಟ್ಟುವ ಮೊದಲೇ ನಮಗೆ ತಿಳಿಸಿದರು.

ಮೊದಲು ಮಾವಿನ ಮರದಡಿಯ ಅಜ್ಜ. ಅವರದ್ದು ಬೆಳಗಿನ ಬೈನೆ ಮರದ ಕಳ್ಳು, ಆಗಷ್ಟೇ ಇಳಿಸಿದ್ದು, ಇನ್ನೂ ಸಿಹಿ. ಅದರ ಜೊತೆ ಕೆಂಡದಲ್ಲಿ ಸುಟ್ಟ ಒಣಮೀನು, ತೆಂಗಿನೆಣ್ಣೆ ಹಚ್ಚಿದ್ದು. ಅಲ್ಲಿಂದ ಹಲಸಿನ ಮರದಡಿಯ ಅಜ್ಜಿ. ಅವರಿಗೆ ಮಧ್ಯಾಹ್ನದ ಹುಳಿ ಕಳ್ಳು ಮತ್ತು ಹೊಳೆಯ ಏಡಿ. "ಅಜ್ಜಿಗೆ ಹಲ್ಲಿಲ್ಲ, ಅದಕ್ಕೆ ಏಡಿಯನ್ನು ಗುದ್ದಿ ಚಟ್ನಿ ಮಾಡಿದ್ದು. ಅಜ್ಜಿಯ ಎದುರು ಸೊಸೆಯಂದಿರನ್ನು ಹೊಗಳಬೇಡಿ, ಹೊಟ್ಟೆ ಕೆಡ್ತದೆ" ಎಂದು ಕಂಟ್ರಾಕ್ಟರಿಗೆ ಎಚ್ಚರಿಕೆ ಕೊಟ್ಟರು. ಕೊನೆಗೆ ತಾಳೆ ಮರದಡಿಯ ಮಾವ. ಆ ಪುಣ್ಯಾತ್ಮ ಬದುಕಿದ್ದಾಗ ಹುಲಿಯನ್ನು ಬೈದು ಓಡಿಸಿದ್ದನಂತೆ. ಅವನಿಗೆ ಮರಳಲ್ಲಿ ಹೂತಿಟ್ಟ ಭರಣಿಯ ಗೇರುಹಣ್ಣಿನ ಸಾರಾಯಿ, ಊರಕೋಳಿಯ ಸಾರು, ಒಣ ರೊಟ್ಟಿ. ಪ್ರತಿ ಕಲ್ಲಿನ ಎದುರೂ ಬಡಿಸುವುದು, ನಾವೆಲ್ಲ ಹಿಂದೆ ಸರಿದು ಹೊಳೆಯ ಕಡೆ ಮುಖ ಮಾಡಿ ನಿಲ್ಲುವುದು, ಗೌಡರು ಕೆಮ್ಮಿದ ಮೇಲೆ ತಿರುಗುವುದು. ನನ್ನ ಪಾಲಿನ ಮೀನನ್ನು ಅವರು ಬಾಳೆ ಎಲೆಯಲ್ಲಿ ಬೇರೆಯೇ ಕಟ್ಟಿ ತಂದಿದ್ದರು. "ಇದು ಬಡಿಸುವ ಮೊದಲೇ ತೆಗೆದಿಟ್ಟದ್ದು ಕಂಡಕ್ಟ್ರೇ, ಅಜ್ಜನಿಗೆ ತೋರಿಸಿಯೇ ಇಲ್ಲ. ನೀವು ಧೈರ್ಯದಲ್ಲಿ ತಿನ್ನಿ" ಎಂದರು. ಅಷ್ಟು ನಾಜೂಕಿನಲ್ಲಿ ನನ್ನ ಹೊಟ್ಟೆಯ ಬಗ್ಗೆ ಯೋಚಿಸಿದವರು ನನ್ನ ತಾಯಿಯನ್ನು ಬಿಟ್ಟರೆ ಇವರೇ.

ಹಿರಿಯರು ಬಿಟ್ಟದ್ದರಲ್ಲಿ ಮೊದಲ ಪಾಲು ಮನೆಯ ಯಜಮಾನನದ್ದು. ಅವನ ಗಂಟಲಿನಲ್ಲಿ ಇಳಿದ ಮೇಲೆಯೇ ಬಡಿಸಿದ್ದು ಸಂದಂತೆ, ಆಮೇಲೆ ಉಳಿದವರಿಗೆ. ಗೌಡರು ತೆಂಗಿನ ಚಿಪ್ಪಿನ ಗೆರಟೆಯನ್ನು ಎರಡೂ ಕೈಯಲ್ಲಿ ಎತ್ತಿ, ತಲೆ ಹಿಂದಕ್ಕೆ ಚೆಲ್ಲಿ, ಬಾಯಿಗೆ ಹಿಡಿದರು. ಮೀಸೆ ಪೂರ್ತಿ ಒದ್ದೆಯಾಯಿತು. "ಹಾ!" ಎಂದು ಕಣ್ಣು ಮುಚ್ಚಿದರು. ಕಂಟ್ರಾಕ್ಟರು ಕೂಡ "ಹಾ!" ಎಂದರು. ಆದರೆ ನಾನು ಕಂಡಕ್ಟರು. ಟಿಕೆಟು ತೆಗೆಯದೆ ಕಿಟಕಿಯ ಹೊರಗೆ ನೋಡುತ್ತ ಕೂತವನನ್ನು ಬೆನ್ನಿನಿಂದಲೇ ಹಿಡಿಯುವ ಕಣ್ಣು ನನ್ನದು. ಗೌಡರ ಗಂಟಲಿನ ಗಂಟು ಅಲುಗಲೇ ಇಲ್ಲ. ಕಲ್ಲಿಗೆ ಕೈಮುಗಿಯುವ ನೆವದಲ್ಲಿ ಅವರು ಬಗ್ಗಿದರು. ಎದ್ದಾಗ ಗೆರಟೆ ಖಾಲಿ, ಮರದ ಬುಡ ಒದ್ದೆ. ಅಜ್ಜನ ಹತ್ತಿರ ಹೀಗೆ, ಅಜ್ಜಿಯ ಹತ್ತಿರ ಹೀಗೆ, ಮಾವನ ಹತ್ತಿರವೂ ಹೀಗೆಯೇ. ಆ ತಾಳೆಮರ ಯಾಕೆ ಅಷ್ಟು ಓರೆಯಾಗಿತ್ತೆಂದು ನನಗೆ ಅರ್ಥವಾಯಿತು.

ಕಂಟ್ರಾಕ್ಟರು ಮಾವನ ಕಲ್ಲನ್ನು ತಬ್ಬಿಕೊಂಡು ತನ್ನ ತೀರಿಕೊಂಡ ಎತ್ತುಗಳನ್ನು ನೆನೆದು ಅಳುತ್ತಿದ್ದಾಗ ಗೌಡರು ನನ್ನನ್ನು ಆಚೆಗೆ ಕರೆದರು.

"ಕಂಡಕ್ಟ್ರೇ, ನೀವು ಎಂತ ನೋಡಿದ್ದು?"

"ಎಂತದೂ ಇಲ್ಲ ಗೌಡ್ರೆ."

"ಸುಳ್ಳು ಹೇಳ್ಬೇಡಿ. ಇಷ್ಟು ವರ್ಷದಲ್ಲಿ ಈ ಕುದ್ರುವಿಗೆ ಕುಡಿಯದವ ಒಬ್ಬ ಬಂದದ್ದು ನೀವೇ. ನನಗೆ ಅದೇ ಹೆದರಿಕೆ ಇದ್ದದ್ದು."

ಆಮೇಲೆ ಎಲ್ಲವನ್ನೂ ಹೇಳಿದರು. ನೆಂಟರಿಗೆ ಬಡಿಸಿ ಉಣಿಸುವುದೆಂದರೆ ಅವರಿಗೆ ಪ್ರಾಣ, ಆದರೆ ಕುಡಿಯುವುದು ಮಾತ್ರ ಸೇರುವುದಿಲ್ಲ. ವಾಸನೆಗೇ ಹೊಟ್ಟೆ ತೊಳಸುತ್ತದೆ. ತಂದೆ ತೀರಿಕೊಂಡು ಯಜಮಾನಿಕೆ ಬಂದ ದಿನ ಮೊದಲ ಪಾಲು ಕುಡಿದು, ಅಜ್ಜಿಯ ಕಲ್ಲಿನ ಹಿಂದೆ ಹೋಗಿ ಕರುಳು ಬಾಯಿಗೆ ಬರುವ ಹಾಗೆ ವಾಂತಿ ಮಾಡಿದರಂತೆ. ಆವತ್ತಿನಿಂದ ಮೀಸೆ ಬಿಟ್ಟರು. ಒದ್ದೆ ಮಾಡಲು ಒಂದು ಜಾಗ ಬೇಕಲ್ಲ.

"ಹೇಳಿ ಬಿಡಬಹುದಲ್ಲ ಗೌಡ್ರೆ, ನನಗೆ ಆಗುದಿಲ್ಲ ಅಂತ?"

"ಯಾರಿಗೆ ಹೇಳುದು? ನನ್ನ ಹೆಂಡ್ತಿಯ ಅಣ್ಣ, ನಮ್ಮ ಭಾವ, ಗೊತ್ತುಂಟಲ್ಲ? ಅವ ಕೇಳಿದ್ರೆ ಇಷ್ಟು ವರ್ಷ ಬಡಿಸಿದ್ದು ಒಂದೂ ಸಂದಿಲ್ಲ ಅಂತಾನೆ. ಮನೆಯಲ್ಲಿ ದನ ಸತ್ತದ್ದು, ನೆರೆ ಬಂದದ್ದು, ಅವನ ಮಗಳಿಗೆ ಗಂಡು ಸಿಗದ್ದು, ಎಲ್ಲಾ ನನ್ನ ತಲೆಗೆ. ಯಜಮಾನಿಕೆಯೂ ಹೋಯ್ತು, ಮರ್ಯಾದೆಯೂ ಹೋಯ್ತು."

"ಹಾಗಾದ್ರೆ ಹೀಗೇ ನಡೀಲಿ. ನಾನು ಯಾರಿಗೂ ಹೇಳುದಿಲ್ಲ."

"ನಡೀತದೆ, ನಾನು ಇರುವವರೆಗೆ." ಗೌಡರು ಒಂದು ನೇರಳೆ ಮರದ ಕಡೆ ಬೆರಳು ತೋರಿಸಿದರು. ಅದರ ಬುಡದಲ್ಲಿ ಕಲ್ಲಿರಲಿಲ್ಲ, ಆದರೆ ಹುಲ್ಲು ಕೆತ್ತಿ ಚೊಕ್ಕಟ ಮಾಡಿದ್ದರು. "ಅದು ನನ್ನ ಜಾಗ. ನಾನು ಸತ್ತ ಮೇಲೆ ಭಾವ ಸುಮ್ಮನೆ ಕೂರ್ತಾನಾ? ಭಾರೀ ಕುಡುಕ ಅಂತ ಭರಣಿ ಭರಣಿ ತಂದು ಇಡ್ತಾನೆ. ವರ್ಷ ವರ್ಷ. ಈಗಾದ್ರೆ ಹಿಂದೆ ಚೆಲ್ಲಬಹುದು ಕಂಡಕ್ಟ್ರೇ. ಸತ್ತ ಮೇಲೆ ಚೆಲ್ಲಲಿಕ್ಕೆ ಕೈ ಉಂಟಾ?"

ನನಗೆ ನಗು ತಡೆಯಲಿಲ್ಲ. ಆದರೆ ಗೌಡರು ನಗಲಿಲ್ಲ. ಅವರ ಕಣ್ಣಿನಲ್ಲಿ ನಿಜವಾದ ಹೆದರಿಕೆ ಇತ್ತು. ಸಾವಿಗೆ ಹೆದರುವವರನ್ನು ನಾನು ನೋಡಿದ್ದೇನೆ, ಸಾವಿನ ನಂತರದ ಊಟಕ್ಕೆ ಹೆದರಿದವರು ಇವರೊಬ್ಬರೇ. ನನ್ನ ನಗು ಅಲ್ಲಿಗೇ ನಿಂತಿತು.

"ಮತ್ತೆ ನಿಮಗೆ ಎಂತ ಬೇಕು ಗೌಡ್ರೆ?" ಎಂದು ಕೇಳಿದೆ.

ಗೌಡರು ಸುತ್ತ ನೋಡಿದರು. ಕಂಟ್ರಾಕ್ಟರು ಇನ್ನೂ ಎತ್ತುಗಳ ಜೊತೆಗಿದ್ದರು. ಗೌಡರು ನನ್ನ ಕಿವಿಯ ಹತ್ತಿರ ಬಾಯಿ ತಂದು, ದೊಡ್ಡ ಪಾಪ ಹೇಳುವವರ ಹಾಗೆ ಹೇಳಿದರು: "ಶುಂಠಿ ಸೋಡಾ."

ಪುತ್ತೂರಿನ ಬಸ್ಸುಗಳು ನಿಲ್ಲುವ ಜಾಗದ ಬಳಿ ಒಂದು ಗೋಲಿ ಸೋಡಾದ ಅಂಗಡಿ ಇತ್ತು. ಯಾವುದೋ ಕಾಲದಲ್ಲಿ ಕೋರ್ಟಿನ ಕೆಲಸಕ್ಕೆ ಹೋದಾಗ ಗೌಡರು ಅಲ್ಲಿ ಒಂದು ಶುಂಠಿ ಸೋಡಾ ಕುಡಿದಿದ್ದರು. ಆವತ್ತಿನಿಂದ ಅದರದೇ ಧ್ಯಾನ. ಕಡಬದಲ್ಲಿ ಕುಡಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಕುದ್ರುವಿನ ಯಜಮಾನರು ಮಕ್ಕಳ ಹಾಗೆ ಸೋಡಾ ಕುಡಿಯುವುದೆಂದರೆ ಹುಲಿ ಹುಲ್ಲು ತಿನ್ನುವುದನ್ನು ಕಂಡಂತೆ. ಆ ಭಾನುವಾರದ ನಂತರ ಆ ಹೊಣೆ ನನ್ನದಾಯಿತು. ವಾರಕ್ಕೊಮ್ಮೆ ಎರಡು ಬಾಟ್ಲಿಗಳನ್ನು ಗೋಣಿ ತುಂಡಿನಲ್ಲಿ ಸುತ್ತಿ, ಸದ್ದಾಗದ ಹಾಗೆ ನಡುವೆ ಹುಲ್ಲು ತುರುಕಿ, ನನ್ನ ಸೀಟಿನ ಕೆಳಗಿಟ್ಟು ತರುತ್ತಿದ್ದೆ. ಒಂದು ಅವರಿಗೆ, ಒಂದು ನನಗೆ. ಸಂಜೆಯ ಟ್ರಿಪ್ಪು ಮುಗಿಸಿ ನಾನು ಹೊಳೆ ಬದಿಗೆ ಹೋಗುತ್ತಿದ್ದೆ. ಹೆಬ್ಬೆರಳಿನಲ್ಲಿ ಗೋಲಿ ಒತ್ತಿದಾಗ ಟಪ್ಪೆಂದು ಸದ್ದಾಗುತ್ತಿತ್ತು. ಗೌಡರು ಬೆಚ್ಚಿ ಮನೆಯ ಕಡೆ ನೋಡಿ, ಆಮೇಲೆ ಕುಡಿದು, ಮೂಗಿನಲ್ಲಿ ಗಾಳಿ ಬರುವವರೆಗೆ ಕಾದು, "ಇದು ಒಳಗೆ ಹೋಗಿ ಮಾತಾಡ್ತದೆ ಮಾರಾಯ್ರೆ" ಎನ್ನುತ್ತಿದ್ದರು. ಖಾಲಿ ಬಾಟ್ಲಿಗಳನ್ನು ನಾನು ಅಂಗಡಿಗೆ ವಾಪಸ್ ಕೊಡಬೇಕಿತ್ತು. ಅಂಗಡಿಯವ ಬಾಟ್ಲಿಯ ವಿಷಯದಲ್ಲಿ ಹೆತ್ತ ಮಗನಿಗೂ ಸೋಲುವವನಲ್ಲ.

ಈ ಪಾರ್ಸೆಲು ಊರವರ ಕಣ್ಣಿಗೆ ಬೀಳದೆ ಇರುತ್ತದೆಯೇ? ಅದು ಮಡಿಕೇರಿಯ ಮಿಲಿಟರಿ ಬ್ರಾಂದಿ ಎಂದು ತೀರ್ಮಾನವಾಯಿತು. ಮಡಿಕೇರಿಯಿಂದ ಸುಳ್ಯ, ಸುಳ್ಯದಿಂದ ಪುತ್ತೂರು, ಪುತ್ತೂರಿನಿಂದ ನನ್ನ ಬಸ್ಸು, ಹೀಗೆ ಅದು ಬರುವ ದಾರಿಯನ್ನೂ ಅವರೇ ಹೇಳುತ್ತಿದ್ದರು. "ಬ್ಯಾರಿ ಕುಡಿಯುದಿಲ್ಲ, ಹಾಗಾಗಿ ದಾರಿಯಲ್ಲಿ ಕಡಿಮೆ ಆಗುದಿಲ್ಲ. ಗೌಡ್ರ ತಲೆ ನೋಡಿ!" ಎಂದು ಭಾವನವರು ಮೆಚ್ಚಿಕೊಂಡರು. ಗೌಡರು ಅದನ್ನು ಅಲ್ಲಗಳೆಯಲಿಲ್ಲ. ಮೀಸೆ ಮಾತ್ರ ಒರೆಸಿಕೊಂಡರು.

ಹೀಗಿರುವಾಗ ಠಾಣೆಗೆ ಘಟ್ಟದ ಮೇಲಿನ ಒಬ್ಬ ಹೆಡ್ ಕಾನ್‌ಸ್ಟೇಬಲ್ ವರ್ಗವಾಗಿ ಬಂದರು. ಬಂದದ್ದು ನಮ್ಮ ಬಸ್ಸಿನಲ್ಲೇ, ಕೂತದ್ದು ನನ್ನ ಸೀಟಿನ ಎದುರಿಗೇ. ನಮ್ಮ ರಸ್ತೆ ಗೊತ್ತಲ್ಲ, ಒಂದು ಹೊಂಡಕ್ಕೆ ಹುಲ್ಲು ಸರಿದು ಬಾಟ್ಲಿಗೆ ಬಾಟ್ಲಿ ತಾಗಿ ಕಿಣಿ ಎಂದಿತು.

"ಏನ್ರೀ ಅದು?"

ಅಷ್ಟರಲ್ಲಿ ಬಸ್ಸು ಗೌಡರ ಸ್ಟಾಪಿನಲ್ಲಿ ನಿಂತಿತು. ಗೌಡರು ಮೆಟ್ಟಿಲಲ್ಲಿ ಕಾಲಿಟ್ಟರು, ಹಿಂದೆ ಭಾವನವರು. ಹೆಡ್ ಕಾನ್‌ಸ್ಟೇಬಲರು ಪಾರ್ಸೆಲನ್ನು ಎತ್ತಿ ಹಿಡಿದಿದ್ದರು. "ಬಿಚ್ಚಿ ಇದನ್ನ" ಎಂದು ನನಗೆ ಹೇಳಿದರು.

ಗೌಡರು ಒಂದು ಕ್ಷಣ ನನ್ನ ಮುಖ ನೋಡಿದರು, ಒಂದು ಕ್ಷಣ ಭಾವನ ಮುಖ ನೋಡಿದರು. ಆಮೇಲೆ ಎದೆ ಸೆಟೆಸಿ, "ಬಿಚ್ಚುದು ಬೇಡ. ಅದು ನನ್ನದು. ಬ್ರಾಂದಿ" ಎಂದರು.

"ಬ್ರಾಂದೀನಾ?"

"ಹೌದು ಸ್ವಾಮಿ, ಒಳ್ಳೆ ಬ್ರಾಂದಿ. ನಡೀರಿ ಠಾಣೆಗೆ. ಇಲ್ಲಿ ಹೆಂಗಸರು ಮಕ್ಕಳು ಇದ್ದಾರೆ, ಇಲ್ಲಿ ಬಿಚ್ಚುದು ಚಂದ ಅಲ್ಲ." ಹೀಗೆ ಹೇಳಿ, ನಾನು ಬಲ್ಲ ಹಾಗೆ ಮೊದಲ ಸಲ, ಬಸ್ಸು ಹತ್ತಿ ಕೂತರು. ಟಿಕೆಟು ಕೂಡ ತೆಗೆದುಕೊಂಡರು.

ಠಾಣೆಯ ಎದುರು ಬಸ್ಸಿಗೆ ಬಸ್ಸೇ ಇಳಿಯಿತು. ಮದುವೆಗೆ ಹೊರಟವರೂ ಮುಹೂರ್ತ ಮರೆತು ನಿಂತರು. ಒಳಗೆ ಹೋದದ್ದು ನಾವು ಮೂವರೇ. ಗೋಣಿ ಬಿಚ್ಚಿದಾಗ ಮೇಜಿನ ಮೇಲೆ ಎರಡು ಹಸಿರು ಬಾಟ್ಲಿಗಳು, ಕತ್ತಿನಲ್ಲಿ ಗೋಲಿ.

"ಇದು ಸೋಡಾ ಅಲ್ವೇನ್ರೀ?"

"ಶುಂಠಿ ಸೋಡಾ" ಎಂದೆ ನಾನು.

"ಮತ್ತೆ ಬ್ರಾಂದಿ ಅಂತ ಒಪ್ಕೊಂಡ್ರಲ್ಲ ನೀವು?"

"ಒಪ್ಪಿದ್ದೇನೆ ಸ್ವಾಮಿ. ಬೇಕಾದ್ರೆ ಇನ್ನೊಮ್ಮೆ ಒಪ್ತೇನೆ. ನನ್ನನ್ನು ಒಳಗೆ ಹಾಕಿ."

"ಸೋಡಾಕ್ಕೆಲ್ಲ ಒಳಗೆ ಹಾಕೋಕಾಗಲ್ಲ ಕಣ್ರೀ!"

"ಹಾಗಾದ್ರೆ ಸ್ವಲ್ಪ ಹೊತ್ತು ಬೈದಾದ್ರೂ ಬಿಡಿ. ಹೊರಗೆ ಕೇಳುವ ಹಾಗೆ. ನನ್ನ ಭಾವ ಕಿಟಕಿಯ ಹತ್ತಿರವೇ ಇದ್ದಾನೆ."

ಆ ಹೆಡ್ ಕಾನ್‌ಸ್ಟೇಬಲರು ಬಿಗಿ ಮನುಷ್ಯರು. ನಗದೆ ಪೂರ್ತಿ ಕಥೆ ಕೇಳಿದರು. ಕೇಳಿ ಎದ್ದು ನಿಂತು, ಗೋಡೆಯ ಕಡೆ ತಿರುಗಿ, ತಮ್ಮ ಊರಿನ ಭಾಷೆಯಲ್ಲಿ ಎಂಥ ಬೈಗುಳ ಬೈದರೆಂದರೆ, ನಾನು ಅವನ್ನು ಇಲ್ಲಿ ಬರೆಯುವ ಹಾಗಿಲ್ಲ. ಗೌಡರು ನಡುನಡುವೆ "ಅಯ್ಯೋ ಸ್ವಾಮಿ!" ಎಂದು ಜೋರಾಗಿ ಕೂಗುತ್ತಿದ್ದರು. ಬೈದು ಬೈದು ಹೆಡ್ ಕಾನ್‌ಸ್ಟೇಬಲರ ಗಂಟಲು ಒಣಗಿತು. "ಇನ್ನು ಇದನ್ನು ಇಟ್ಟುಕೊಂಡು ಎಂತ ಮಾಡುದು? ಕುಡಿಯಿರಿ ಸ್ವಾಮಿ" ಎಂದು ಗೌಡರು ಒಂದು ಬಾಟ್ಲಿಯ ಗೋಲಿ ಒತ್ತಿದರು. ಟಪ್! ಹೊರಗಿನ ಗಲಾಟೆ ಗಪ್ಪೆಂದು ನಿಂತಿತು. ಎರಡನೆಯದೂ ಟಪ್! "ಹೊಸಬರು ಕೂಡ ಗೌಡ್ರ ಜೊತೆ ಕೂತ್ರು ಮಾರಾಯ್ರೆ!" ಎಂದು ಭಾವನವರ ದನಿ ಸ್ಪಷ್ಟವಾಗಿ ಕೇಳಿಸಿತು.

ಗೌಡರು ಹೊರಗೆ ಬಂದಾಗ ಜನ ಎರಡು ಬದಿಗೆ ಸರಿದು ದಾರಿ ಬಿಟ್ಟರು. ಅವರ ಹೆಸರು ಇನ್ನಷ್ಟು ದೊಡ್ಡದಾಯಿತು. ಪಾಪ, ಹೆಸರು ಕೆಟ್ಟದ್ದು ಆ ಹೆಡ್ ಕಾನ್‌ಸ್ಟೇಬಲರದ್ದು. ಅದನ್ನು ತೊಳೆಯಲೆಂದು ವರ್ಗವಾಗಿ ಹೋಗುವವರೆಗೂ ಅವರು ಊರವರಿಗೆ ಕಾಣುವ ಹಾಗೆ ನನ್ನ ಬಸ್ಸಿನ ಮೇಲೆ ಕಣ್ಣಿಟ್ಟಿದ್ದರು. ಆದರೆ ನಮ್ಮ ಗುಟ್ಟನ್ನು ಯಾರಿಗೂ ಹೇಳಲಿಲ್ಲ. ಅದು ಸಣ್ಣ ಉಪಕಾರವಲ್ಲ.

ಗೌಡರು ತೀರಿಕೊಂಡ ಸ್ವಲ್ಪ ಕಾಲಕ್ಕೆ ಪಾನನಿಷೇಧವೂ ಹೋಯಿತು. "ಭಾವ ಇನ್ನು ಸ್ವಲ್ಪ ತಾಳಿದ್ದಿದ್ರೆ ಅಂಗಡಿಯಲ್ಲೇ ಕೂತು ಕುಡಿಯಬಹುದಿತ್ತು" ಎಂದು ಭಾವನವರು ಸಿಕ್ಕಿದವರ ಹತ್ತಿರವೆಲ್ಲ ಹೇಳಿ ಅತ್ತರು. ನಾನೂ ಅತ್ತೆ, ಬಸ್ಸಿನ ಹಿಂದಿನ ಸೀಟಿನಲ್ಲಿ, ಖಾಲಿ ಟ್ರಿಪ್ಪಿನಲ್ಲಿ. ನನ್ನ ಅಳುವಿನ ಜೊತೆ ಒಂದು ಹೆದರಿಕೆಯೂ ಇತ್ತು. ನೇರಳೆ ಮರದಡಿ ಕಲ್ಲು ಹಾಕುತ್ತಾರೆ, ಬಡಿಸುತ್ತಾರೆ, ಏನನ್ನು ಇಡುತ್ತಾರೆಂದು ನನಗೆ ಗೊತ್ತು. ಬಾಯಿ ಬಿಟ್ಟರೆ ಗೌಡರ ಮರ್ಯಾದೆ ಹೋಗುತ್ತದೆ. ಬಿಡದಿದ್ದರೆ ಅವರು ಅದನ್ನೇ ಕುಡಿಯಬೇಕಾಗುತ್ತದೆ. ಇದು ನನ್ನ ಧರ್ಮದ ವಿಷಯವೂ ಅಲ್ಲ, ನನ್ನ ಮನೆಯ ವಿಷಯವೂ ಅಲ್ಲ. ಆದರೂ ನಿದ್ದೆ ಬರುತ್ತಿರಲಿಲ್ಲ.

ಬಡಿಸುವ ದಿನ ಹತ್ತಿರ ಬಂದಾಗ ಗೌಡ್ತಿಯವರು, ಅಂದರೆ ಅವರ ಹೆಂಡತಿ, ನನಗೆ ಹೇಳಿ ಕಳಿಸಿದರು: "ಕಂಡಕ್ಟ್ರು ಬರಬೇಕು. ಯಾವಾಗ್ಲೂ ತರುವ ಪಾರ್ಸೆಲನ್ನು ತರಬೇಕು." ಪಾರ್ಸೆಲೆಂದರೆ ಬ್ರಾಂದಿಯೆಂದು ನಂಬಿದವರಲ್ಲಿ ಅವರೂ ಒಬ್ಬರೆಂದು ತಿಳಿದಿದ್ದೆ. ಏನಾದರಾಗಲಿ ಎಂದು ಎರಡು ಶುಂಠಿ ಸೋಡಾ ಸುತ್ತಿಕೊಂಡು ಹೋದೆ.

ಅವರು ಅಡಿಗೆ ಕೊಟ್ಟಿಗೆಯ ಹಿಂದೆ ನನ್ನ ಕೈಯಿಂದ ಪಾರ್ಸೆಲು ತೆಗೆದುಕೊಂಡು, ಬಿಚ್ಚದೆ ಒಮ್ಮೆ ತೂಗಿ ನೋಡಿದರು. "ಎರಡೂ ಉಂಟಲ್ಲ?" ಎಂದರು.

"ಅಕ್ಕ, ಅದರಲ್ಲಿ ಇರುದು..."

"ಗೊತ್ತುಂಟು ಕಂಡಕ್ಟ್ರೇ. ಗಂಡ ಕುಡಿದು ಬಂದದ್ದಾ ಇಲ್ವಾ ಅಂತ ಹೆಂಡ್ತಿಗೆ ಗೊತ್ತಾಗುದಿಲ್ವಾ? ಇಷ್ಟು ವರ್ಷದಲ್ಲಿ ಒಂದು ದಿನ ಆ ಬಾಯಲ್ಲಿ ವಾಸನೆ ಇರಲಿಲ್ಲ. ಮೀಸೆಯಲ್ಲಿ ಮಾತ್ರ ಇತ್ತು. ಹೊಳೆ ಬದಿಯಲ್ಲಿ ಟಪ್ ಅನ್ನುವಾಗ ನಾನು ಇ‌ಲ್ಲಿ ಗಂಜಿ ಬಸಿದು ಅನ್ನ ಬಾಗಿಸ್ತಿದ್ದೆ."

"ಅವರಿಗೆ ಹೇಳ್ಲೇ ಇಲ್ವಾ?"

"ಎಂತಕ್ಕೆ ಹೇಳುದು? ಕದ್ದು ಕುಡಿದ್ರೇ ಅವರಿಗೆ ಖುಷಿ."

ದೋಣಿಯಲ್ಲಿ ಭಾವನವರು ಒಂದು ದೊಡ್ಡ ಬಾಟ್ಲಿಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ನಿಜವಾದ ಮಡಿಕೇರಿ ಬ್ರಾಂದಿ, ಸ್ವತಃ ಹೋಗಿ ತಂದದ್ದು. ನೇರಳೆ ಮರದಡಿ ಎಲೆ ಹಾಕಿ, ಮೀನು, ಕೋಳಿ, ರೊಟ್ಟಿ ಎಲ್ಲ ಬಡಿಸಿ, ಗೆರಟೆಯ ತುಂಬ ಬ್ರಾಂದಿ ಹೊಯ್ದರು. "ಭಾವಾ, ಸಾಕಾಗದಿದ್ರೆ ಬಾಟ್ಲಿ ಇಲ್ಲೇ ಉಂಟು" ಎಂದು ಕಣ್ಣೊರೆಸಿಕೊಂಡರು. ಅವರ ಪ್ರೀತಿಯಲ್ಲಿ ಒಂದು ಹನಿ ಕಲಬೆರಕೆ ಇರಲಿಲ್ಲ, ಕಷ್ಟ ಇದ್ದದ್ದೇ ಅಲ್ಲಿ. ನಾನು ದೂರದಲ್ಲಿ ನಿಂತು, ಈ ಕಲ್ಲಿಗೆ ಕೈ ಇದ್ದಿದ್ದರೆ ಎಂದುಕೊಂಡೆ.

ಎಲ್ಲರೂ ಹಿಂದೆ ಸರಿದು ಹೊಳೆಯ ಕಡೆ ಮುಖ ಮಾಡಿ ನಿಂತೆವು. ನೀರು ಹರಿಯುವುದೊಂದೇ ಸದ್ದು. ಬೆನ್ನ ಹಿಂದೆ, ನೇರಳೆ ಮರದಡಿಯಿಂದ ಕೇಳಿಸಿತು:

ಟಪ್!

ಭಾವನವರು ನಿಂತಲ್ಲೇ ಕೈಮುಗಿದರು. "ಬಂದ್ರು! ಭಾವ ಬಂದ್ರು!" ಯಾರಿಗೂ ತಿರುಗುವ ಧೈರ್ಯವಾಗಲಿಲ್ಲ. ಕಣ್ಣು ಓರೆ ಮಾಡಿ ನೋಡಿದೆ. ನನ್ನ ಪಕ್ಕದಲ್ಲಿ ನಿಂತಿದ್ದ ಗೌಡ್ತಿಯವರು ಅಲ್ಲಿರಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಕೆಮ್ಮು ಕೇಳಿ ಎಲ್ಲರೂ ತಿರುಗಿದಾಗ ಅವರು ಕಲ್ಲಿನ ಎದುರು ತಲೆ ಬಗ್ಗಿಸಿ ಕೂತು, ಹೆಬ್ಬೆರಳನ್ನು ಸೆರಗಿಗೆ ಒರೆಸುತ್ತಿದ್ದರು. ನೇರಳೆಯ ಬುಡ ಒದ್ದೆಯಾಗಿತ್ತು. ಗೆರಟೆ ತುಂಬಿಯೇ ಇತ್ತು, ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳು.

ಗೌಡರಿಗೆ ಮಕ್ಕಳಿರಲಿಲ್ಲ, ಯಜಮಾನಿಕೆ ಅವರ ತಮ್ಮನ ಮಗನದ್ದು. ಅವನು ಒಂದು ಗುಟುಕು ಕುಡಿದು, ಏನೂ ತಿಳಿಯದೆ ಮುಖ ಮುಖ ನೋಡಿ ಗೆರಟೆಯನ್ನು ಭಾವನವರಿಗೆ ಕೊಟ್ಟ. ಭಾವನವರು ಭಕ್ತಿಯಿಂದ ಎತ್ತಿ ಕುಡಿದರು. ಇನ್ನೊಮ್ಮೆ ಕುಡಿದರು. ನಾಲಿಗೆ ಚಪ್ಪರಿಸಿದರು.

"ಏನಣ್ಣ?" ಎಂದು ಗೌಡ್ತಿಯವರು ತಲೆ ಎತ್ತದೆ ಕೇಳಿದರು.

"ಸಿಹಿ! ಬರೀ ಶುಂಠಿ ನೀರು!" ಭಾವನವರ ಕಣ್ಣು ತುಂಬಿ ಬಂತು. "ಎಂಥ ಕುಡುಕ ಮಾರಾಯ್ರೆ ನಮ್ಮ ಭಾವ! ಅಮಲು ಎಷ್ಟುಂಟೋ ಅಷ್ಟೂ ಅವರು ಎಳ್ಕೊಂಡು, ಸಪ್ಪೆ ನಮಗೆ ಬಿಟ್ಟಿದ್ದಾರೆ!"

ಆ ಮಾತು ಕಡಬ ದಾಟಿ, ಪುತ್ತೂರು ದಾಟಿ ಹೋಯಿತು. ಈಗಲೂ ಆ ಕಡೆಯ ಹಳಬರಲ್ಲಿ ಕೇಳಿದರೆ ಹೇಳುತ್ತಾರೆ.

ಎಲ್ಲರೂ ಊಟಕ್ಕೆ ಕೂತಾಗ ಗೌಡ್ತಿಯವರು ಎರಡನೆಯ ಬಾಟ್ಲಿಯನ್ನು ಸೆರಗಿನ ಮರೆಯಲ್ಲಿ ತಂದು ನನಗೆ ಕೊಟ್ಟರು. "ಇದು ಬಡಿಸಿದ್ದಲ್ಲ. ಮೊದಲೇ ತೆಗೆದಿಟ್ಟದ್ದು, ಅವರಿಗೆ ತೋರಿಸಿಯೇ ಇಲ್ಲ. ನಿಮ್ಮದು" ಎಂದರು. ನಾನು ಹೊಳೆ ಬದಿಗೆ ಹೋಗಿ, ನಾವಿಬ್ಬರೂ ಕೂರುತ್ತಿದ್ದ ಕಡೆಗೆ ಮುಖ ಮಾಡಿ, ಗೋಲಿ ಒತ್ತದೆ ಬಹಳ ಹೊತ್ತು ಕೂತಿದ್ದೆ. ಆಮೇಲೆ ಕುಡಿದೆ. ಕಣ್ಣಲ್ಲಿ ನೀರು ಬಂತು. ಶುಂಠಿ ಖಾರವಾಗಿತ್ತು ಎಂದರೆ ನೀವು ನಂಬುವುದಿಲ್ಲ.

ಮರುದಿನ ಪುತ್ತೂರಿನ ಅಂಗಡಿಯಲ್ಲಿ ಒಂದು ಖಾಲಿ ಬಾಟ್ಲಿ ಕೊಟ್ಟೆ. ಅಂಗಡಿಯವ ಕೈ ಚಾಚಿಕೊಂಡೇ ಇದ್ದ.

"ಇನ್ನೊಂದು ಎಲ್ಲಿ?"

"ಅದು ಗೌಡ್ರ ಹತ್ತಿರ ಉಂಟು" ಎಂದೆ. "ಅವರು ಇನ್ನೂ ಕುಡಿದು ಮುಗಿಸಿಲ್ಲ."